ನೇಜಿ ಗದ್ದೆಯ ಬದಿಯ ಮನೆ

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಬಂದರಿನಲ್ಲಿ, ಮೂರನೇ ಮಹಡಿಯ ಒಂದು ಬಾಡಿಗೆ ಮನೆಯಲ್ಲಿ. ಕಿಟಕಿ ತೆಗೆದರೆ ಎದುರು ಗೋದಾಮಿನ ಶೀಟು, ಅದರ ಆಚೆ ಮತ್ತೊಂದು ಗೋದಾಮಿನ ಶೀಟು. ಒಣಮೆಣಸು ಮತ್ತು ಒಣಮೀನಿನ ವಾಸನೆ ಒಟ್ಟಿಗೇ ಒಳಗೆ ಬರುತ್ತಿತ್ತು. ಮಳೆ ಅಂದರೆ ನನಗೆ ಆ ಶೀಟಿನ ಮೇಲೆ ಬೀಳುವ ಸದ್ದು, ಮೆಟ್ಟಿಲಿನಲ್ಲಿ ಒದ್ದೆ ಕೊಡೆಗಳ ಸಾಲು, ಅಷ್ಟೇ. ಅಕ್ಕಿ ಅಂದರೆ ಮೂಲೆಯಲ್ಲಿ ನಿಲ್ಲಿಸಿದ 25 ಕಿಲೋ ಚೀಲ. ಹತ್ತನೇ ತರಗತಿಯವರೆಗೂ ನನಗೆ ಭತ್ತದ ಗಿಡ ಯಾವುದು, ಹುಲ್ಲು ಯಾವುದು ಗೊತ್ತಿರಲಿಲ್ಲ. ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ನಮ್ಮ ಕ್ಲಾಸಿನಲ್ಲಿ ಪೇಟೆಯಿಂದ ಬರುವವರಲ್ಲಿ ಹೆಚ್ಚಿನವರ ಕಥೆಯೂ ಇದೇ ಎಂದು ನನಗೆ ಗೊತ್ತು.

ಉಪ್ಪ ಜುಬೈಲಿನಲ್ಲಿ ಹದಿನೆಂಟು ವರ್ಷ ದುಡಿದರು. ಅಷ್ಟು ವರ್ಷದ ಉಳಿತಾಯದಲ್ಲಿ ಬಿ.ಸಿ.ರೋಡಿನಿಂದ ಒಳಗೆ ಒಂದು ಊರಿನಲ್ಲಿ 10 ಸೆಂಟ್ಸ್ ಜಾಗ ತೆಗೆದುಕೊಂಡು, ಸಣ್ಣ ಮನೆ ಕಟ್ಟಿಸಿದರು. ಮನೆ ಮುಗಿಯುವ ಮೊದಲೇ ಅಲ್ಲಿನ ಕೆಲಸವೂ ಮುಗಿಯಿತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾವು ಒಂದು ಟೆಂಪೋದಲ್ಲಿ ಸಾಮಾನು ತುಂಬಿಸಿ ಬಂದೆವು.

ಮನೆಯ ಮುಂದೆ ಗದ್ದೆ. ಜಾಗ ತೋರಿಸಿದ ಬ್ರೋಕರ್ ಮೊದಲ ದಿನವೇ ಉಪ್ಪನಿಗೆ ಹೇಳಿದ್ದನಂತೆ, "ಎದುರು ಯಾರೂ ಮನೆ ಕಟ್ಟುವುದಿಲ್ಲ, ಗಾಳಿ ಬೆಳಕಿಗೆ ಬರವಿಲ್ಲ" ಎಂದು. ಏಪ್ರಿಲಿನಲ್ಲಿ ಗದ್ದೆ ಗದ್ದೆಯ ಹಾಗೆ ಇರಲಿಲ್ಲ. ಒಣಗಿ ಬಿರುಕು ಬಿಟ್ಟ ಬಯಲು, ಅಲ್ಲಲ್ಲಿ ಕೂಳೆ, ಮಧ್ಯದಲ್ಲಿ ಮೂರು ಕೋಲು ಊರಿ ಮಕ್ಕಳ ಕ್ರಿಕೆಟ್. ಚೆಂಡು ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ನನ್ನ ತಮ್ಮ ಎರಡೇ ದಿನದಲ್ಲಿ ಊರಿನವನಾಗಿ ಹೋದ. ನನಗೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಸಂಜೆ ಏಳಕ್ಕೆ ಊರೇ ಮಲಗಿದ ಹಾಗೆ ಕತ್ತಲು. ಉಮ್ಮನಿಗೆ ಹಾವಿನ ಭಯ. ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕದೆ ಅವರು ಮಲಗುತ್ತಿರಲಿಲ್ಲ. ಒಂದು ಖುಷಿ ಮಾತ್ರ ಇತ್ತು: ಬಾವಿ. ಬಂದರಿನಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿದ ಬೇಸಿಗೆಗಳಲ್ಲಿ ದಿನ ಬಿಟ್ಟು ದಿನ ನಳ್ಳಿ, ಉಳಿದ ದಿನ ಟ್ಯಾಂಕರ್. ಇಲ್ಲಿ ಏಪ್ರಿಲ್ ಕೊನೆಗೂ ಬಾವಿಯಲ್ಲಿ ನಾಲ್ಕೈದು ಅಡಿ ನೀರಿತ್ತು. ಉಮ್ಮ ಬಕೆಟ್ ಲೆಕ್ಕ ಇಡದೆ ಬಟ್ಟೆ ಒಗೆದದ್ದನ್ನು ನಾನು ಮೊದಲು ನೋಡಿದ್ದು ಇಲ್ಲೇ.

ಗದ್ದೆ ಒಬ್ಬ ಅಜ್ಜಿಯದು. ಎಪ್ಪತ್ತು ದಾಟಿರಬೇಕು. ಉಮ್ಮ, ಉಪ್ಪ ಅವರನ್ನು ಅಕ್ಕ ಎನ್ನುತ್ತಾರೆ, ನಾವು ಅಜ್ಜಿ. ಅವರ ಮಾತು ತುಳು. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರಾದರೂ ಉಪ್ಪನಿಗೆ ತುಳು ಚೆನ್ನಾಗಿ ಬರುತ್ತದೆ. ನನಗೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆ ತಡವರಿಸುತ್ತದೆ. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಅಜ್ಜಿ ಗದ್ದೆಗೆ ಇಳಿದರು. ಟಿಲ್ಲರ್‌ನವನು ಬಂದು ಉತ್ತ. ನಮ್ಮ ಕಾಂಪೌಂಡಿಗೆ ತಾಗಿದ ಗದ್ದೆಯ ಒಂದು ಮೂಲೆಯನ್ನು ಮಾತ್ರ ಹಲಗೆ ಎಳೆದು ನೀಟಾಗಿ ಸಮ ಮಾಡಿ, ಮೊಳಕೆ ಬರಿಸಿದ ಭತ್ತವನ್ನು ಅಜ್ಜಿ ಕೈಯಿಂದ ಬೀರಿದರು. ಒಂದು ವಾರದಲ್ಲಿ ಆ ಮೂಲೆ ಎಂಥಾ ಹಸುರಾಯಿತೆಂದರೆ, ಬಣ್ಣದ ಪೆನ್ಸಿಲಿನಲ್ಲಿ ಗೀಚಿದ ಹಾಗೆ. ನಾನು ಅದನ್ನೇ ಬೆಳೆ ಅಂದುಕೊಂಡಿದ್ದೆ. "ಇಷ್ಟು ಹತ್ತಿರ ಹತ್ತಿರ ಬಿತ್ತಿದ್ದಾರಲ್ಲ" ಎಂದು ಉಮ್ಮನಲ್ಲಿ ಹೇಳಿದ್ದೂ ನೆನಪಿದೆ. ಅದು ನೇಜಿ ಎಂದು, ಇಪ್ಪತ್ತೊಂದರಿಂದ ಇಪ್ಪತ್ತೈದು ದಿನಕ್ಕೆ ಅದನ್ನು ಕಿತ್ತು ಇಡೀ ಗದ್ದೆಗೆ ನೆಡುತ್ತಾರೆ ಎಂದು ತಿಳಿದದ್ದು ಆಮೇಲೆ. ಅಂದರೆ ಆ ಸಣ್ಣ ಮೂಲೆಯೊಳಗೆ ಅವರ ಇಡೀ ವರ್ಷ ಇತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಹಿಡಿಯಿತು ಎನ್ನುವುದೇ ಸರಿ. ಬಂದರಿನ ಮಳೆ ಬಂದು ಹೋಗುತ್ತಿತ್ತು, ಇದು ಬಂದು ಕೂತಿತು. ಮೊದಲ ರಾತ್ರಿ ಕಪ್ಪೆಗಳ ಸದ್ದಿಗೆ ನಾನು ನಿದ್ದೆ ಮಾಡಲಿಲ್ಲ. ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಕಡೆ ಶುರು. ಮೂರನೇ ರಾತ್ರಿ ಅವು ಒಮ್ಮೆಲೇ ಸುಮ್ಮನಾದಾಗ ಎಚ್ಚರವಾಯಿತು. ಆಗಲೇ ಗೊತ್ತಾಯಿತು, ನನಗೆ ಅಭ್ಯಾಸವಾಗಿದೆ ಎಂದು.

ಆಗ ಕಾಲೇಜು ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಬೆಳಿಗ್ಗೆ ಏಳುವಾಗ ಗದ್ದೆಯೇ ಇಲ್ಲ. ನಮ್ಮ ಗೋಡೆಯಿಂದ ಆ ಕಡೆಯ ತೆಂಗಿನ ಸಾಲಿನವರೆಗೆ ಕೆಂಪು ನೀರು, ಅದರ ಮೇಲೆ ಮೋಡದ ನೆರಳು. ನೋಡಲು ಬಹಳ ಚೆಂದ. ನಾನು ಟೆರೇಸಿಗೆ ಹೋಗಿ ಫೋಟೋ ತೆಗೆದು "ನಮ್ಮ ಮನೆ ಮುಂದೆ ಫ್ರೀ ಲೇಕ್ ವ್ಯೂ" ಎಂದು ಸ್ಟೇಟಸ್ ಹಾಕಿದೆ. ಬಂದರಿನ ಗೆಳತಿಯರೆಲ್ಲ ಹೃದಯದ ಚಿಹ್ನೆ ಕಳಿಸಿದರು. ಇದೇ ಊರಿನಿಂದ ನಮ್ಮ ಕ್ಲಾಸಿಗೆ ಬರುವ ಒಬ್ಬಳು ಮಾತ್ರ ಹೀಗೆ ಬರೆದಳು: "ಅದು ಲೇಕ್ ಅಲ್ಲ ಮಾರಾಯ್ತಿ. ನೇಜಿ ಗದ್ದೆ. ಅಡಿಯಲ್ಲಿ ಕೊಳೆಯುತ್ತಾ ಇದೆ."

ಅದನ್ನು ಓದಿ ನನಗೆ ಸಿಟ್ಟು ಬಂತು. ನಾನೇನು ಮಳೆ ತಂದೆನಾ ಅನ್ನಿಸಿತು. ಸ್ಟೇಟಸ್ ಅಳಿಸಲಿಲ್ಲ, ಅದು ಇಪ್ಪತ್ತನಾಲ್ಕು ಗಂಟೆ ಹಾಗೇ ಇತ್ತು.

ಆ ದಿನ ಸಂಜೆ ಅಜ್ಜಿ ನಮ್ಮ ಮನೆಗೆ ಬಂದರು. ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಗೊರಬು. ಒಳಗೆ ಕರೆದರೂ ಬರಲಿಲ್ಲ, ಕೆಸರು ಕಾಲು ಎಂದು ಸಿಟೌಟಿನ ಕೆಳಗೇ ನಿಂತರು.

"ಸಾಯಬರೇ, ಒಂದು ಪೈಪ್ ಹೋಗುವಷ್ಟು ದಾರಿ ಮಾಡಿ ಕೊಡಿ. ನೀರು ಇಳಿಯುತ್ತಾ ಇಲ್ಲ."

ಉಪ್ಪನಿಗೆ ಅರ್ಥವಾಗಲಿಲ್ಲ. ಆಗ ಅಜ್ಜಿ ಬೆರಳು ತೋರಿಸಿ ವಿವರಿಸಿದರು. ಮೇಲಿನ ಗದ್ದೆಗಳ ನೀರು ಅವರ ಗದ್ದೆಗೆ ಬರುತ್ತದೆ, ಅವರ ಗದ್ದೆಯ ಹುಣಿಯಲ್ಲಿ ಒಂದು ಕಂಡಿ ಇದೆ, ಆ ಕಂಡಿಯಿಂದ ನೀರು ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ. ಆ ಕೆಳಗಿನ ಗದ್ದೆ ಎಲ್ಲಿ ಎಂದು ಉಪ್ಪ ಕೇಳಿದರು. ಅಜ್ಜಿ ಒಂದು ಕ್ಷಣ ನಮ್ಮ ಮನೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನೀವು ನಿಂತದ್ದು ಅದರಲ್ಲೇ ಅಲ್ವಾ."

ನಮ್ಮ ಜಾಗ ಗದ್ದೆ ತುಂಬಿಸಿ ಮಾಡಿದ್ದು ಎಂದು ಉಪ್ಪನಿಗೆ ಗೊತ್ತಿತ್ತು. ಕನ್ವರ್ಷನ್ ಆಗಿತ್ತು, ದಾಖಲೆ ಎಲ್ಲ ಸರಿ ಇತ್ತು. ನನಗೆ ಗೊತ್ತಿರಲಿಲ್ಲ. ಮಾರಿದವರು ಮಣ್ಣು ಹಾಕಿಸುವಾಗ ಅಂಚಿನಲ್ಲಿ ಒಂದು ಸಣ್ಣ ಕಣಿ ಉಳಿಸಿದ್ದರು. ಹಾಗಾಗಿ ಹಿಂದಿನ ಎರಡು ಮಳೆಗಾಲ ಹೇಗೋ ದಾಟಿತ್ತು. ಮನೆಯ ಕೆಲಸ ಮುಗಿಯುವಾಗ, ಕಸ ತುಂಬಿದ ಆ ಕಣಿಯನ್ನು ಮುಚ್ಚಿ ಅದರ ಮೇಲೆ ಕೆಂಪುಕಲ್ಲಿನ ಗೋಡೆ ಕಟ್ಟಿಸಿದ್ದು ನಾವು. ಗೋಡೆಯನ್ನು ಗಡಿಯವರೆಗೆ ನೇರ ಎಳೆಯಿರಿ, ಒಂದು ಅಡಿಯೂ ಬಿಡಬೇಡಿ ಎಂದು ಮೇಸ್ತ್ರಿಗೆ ಉಪ್ಪ ಫೋನಿನಲ್ಲಿ ಹೇಳಿದ್ದು ನನಗೇ ನೆನಪಿದೆ. ಜುಬೈಲಿನಿಂದ ಮಾಡಿದ ವಿಡಿಯೋ ಕಾಲ್. ಫೋನ್ ಹಿಡಿದು ಗಡಿಯುದ್ದಕ್ಕೂ ನಡೆದು ತೋರಿಸಿದವಳು ನಾನೇ.

ಉಪ್ಪ ಇಲ್ಲ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. "ಮಳೆ ಸ್ವಲ್ಪ ಬಿಡಲಿ ಅಕ್ಕ, ನೋಡುವ" ಎಂದರು. ಅಜ್ಜಿ ಹೋದ ಮೇಲೆ ಉಮ್ಮನೊಡನೆ ಜೋರಾಗಿ ಮಾತಾಡಿದರು: "ಈಗ ಗೋಡೆ ಒಡೆದರೆ ಪುನಃ ಕಟ್ಟಿಸಲು ದುಡ್ಡು ಎಲ್ಲಿದೆ? ನಾನು ಯಾರದ್ದೂ ಕದ್ದದ್ದಲ್ಲ, ದುಡ್ಡು ಕೊಟ್ಟು ತೆಗೆದುಕೊಂಡದ್ದು." ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಅವರು ಸಿಟ್ಟಾದದ್ದು ಅಜ್ಜಿಯ ಮೇಲೆ ಅಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ನಾನು ಕೋಣೆಯೊಳಗೆ ಕೂತು, ಉಪ್ಪ ಹೇಳಿದ್ದೇ ಸರಿ ಎಂದು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ.

ಮಳೆ ಬಿಡಲಿಲ್ಲ. ಮೂರನೇ ದಿನ, ನಾಲ್ಕನೇ ದಿನ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅಜ್ಜಿ ಹುಣಿಯ ಮೇಲೆ ನಿಂತಿರುತ್ತಿದ್ದರು. ನಾನು ಕೊಡೆಯನ್ನು ಆ ಕಡೆಗೆ ವಾಲಿಸಿ ಮುಖ ಮರೆಸಿಕೊಂಡು ನಡೆಯುತ್ತಿದ್ದೆ. ಸ್ಟೇಟಸಿಗೆ ಉತ್ತರ ಬರೆದ ಗೆಳತಿ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು. ಬೈಯಲಿಲ್ಲ. ಭತ್ತ ನೀರಿನಲ್ಲೇ ಬೆಳೆಯುವುದಲ್ವಾ, ಮುಳುಗಿದರೆ ಏನಾಗುತ್ತದೆ ಎಂದು ನಾನೇ ಕೇಳಿದೆ. ಬುಡದಲ್ಲಿ ನೀರು ನಿಂತರೆ ತೊಂದರೆಯಿಲ್ಲ, ತಲೆ ಮುಳುಗಬಾರದು ಎಂದಳು. ಇದರ ಕಾರಣ ನನಗೆ ತಿಳಿದದ್ದು ನಂತರ, ಜೀವಶಾಸ್ತ್ರದ ತರಗತಿಯಲ್ಲಿ. ಭತ್ತದ ಕಾಂಡ ಮತ್ತು ಬೇರಿನೊಳಗೆ ಗಾಳಿ ಹೋಗುವ ಟೊಳ್ಳುಗಳಿವೆ, ಎಲೆಯ ತುದಿ ಗಾಳಿಯಲ್ಲಿದ್ದರೆ ಬೇರಿಗೆ ಉಸಿರು ಸಿಗುತ್ತದೆ. ಪೂರ್ತಿ ಮುಳುಗಿದರೆ ಆ ದಾರಿ ಮುಚ್ಚುತ್ತದೆ. ಕೆಸರು ನೀರಾದರೆ ಎಲೆಗೆ ಬೆಳಕೂ ಇಲ್ಲ. ಎರಡು ವಾರದಷ್ಟು ಮುಳುಗಿದರೂ ಬದುಕುವ ಸ್ವರ್ಣ-ಸಬ್1 ಎಂಬ ತಳಿಯೊಂದು ಇದೆ, ಅದಕ್ಕೆ ಬೇಕಾದ ಗುಣ ಒಡಿಶಾದ ಹಳೆಯ ಭತ್ತವೊಂದರಿಂದ ಬಂದದ್ದು ಎಂದೂ ಓದಿದೆ. ಅಜ್ಜಿ ಬಿತ್ತಿದ್ದು ಎಂಒ-4. ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಬೆಳೆಯುವ ಕೆಂಪಕ್ಕಿ, ಕೇರಳದ ಕುಟ್ಟನಾಡಿನ ಮೊಂಕೊಂಬು ಕೇಂದ್ರದಲ್ಲಿ ಹುಟ್ಟಿದ ತಳಿ. ಹೆಸರಿನಲ್ಲಿರುವ ‘ಎಂಒ’ ಆ ಊರಿನದೇ.

ನಾಲ್ಕನೇ ದಿನ ರಾತ್ರಿ ನಾನು ಲೆಕ್ಕ ಮಾಡಿದೆ. ಏನು ಮಾಡಬೇಕೆಂದು ತೋಚದಿದ್ದಾಗ ಲೆಕ್ಕ ಮಾಡುವುದು ನನ್ನ ಅಭ್ಯಾಸ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 10 ಸೆಂಟ್ಸ್ ಅಂದರೆ 4,356 ಚದರ ಅಡಿ, ಹತ್ತಿರ ಹತ್ತಿರ 405 ಚದರ ಮೀಟರ್. ಈ ಜಾಗ ಗದ್ದೆಯಾಗಿದ್ದಾಗ ಹುಣಿಯೊಳಗೆ ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಿದ್ದರೂ ಅದು 40,500 ಲೀಟರ್. ಬಂದರಿನ ನಮ್ಮ ಕಟ್ಟಡಕ್ಕೆ ಬರುತ್ತಿದ್ದ ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೇಳುವುದಾದರೆ ಏಳು ಟ್ಯಾಂಕರಿಗೆ ಸ್ವಲ್ಪ ಕಡಿಮೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಹಾಗಾದರೆ ಈ 10 ಸೆಂಟ್ಸಿನ ಮೇಲೆ ಬೀಳುವುದು ಹದಿನಾರು ಲಕ್ಷ ಲೀಟರಿಗಿಂತ ಹೆಚ್ಚು. ಗದ್ದೆ ಇದ್ದಾಗ ಇದರಲ್ಲಿ ಸ್ವಲ್ಪ ನಿಂತು, ಸ್ವಲ್ಪ ಇಂಗಿ, ಉಳಿದದ್ದು ಕಂಡಿಯಿಂದ ಕಂಡಿಗೆ ನಿಧಾನ ಇಳಿದು ಹೋಗುತ್ತಿತ್ತು. ಏಪ್ರಿಲಿನಲ್ಲಿ ನಮ್ಮ ಬಾವಿಯಲ್ಲಿದ್ದ ನಾಲ್ಕೈದು ಅಡಿ ನೀರು ಎಲ್ಲಿಂದ ಬಂತು ಎಂದು ಅಷ್ಟರವರೆಗೆ ನಾನು ಯೋಚಿಸಿರಲೇ ಇಲ್ಲ.

ಕಾಗದವನ್ನು ಉಪ್ಪನಿಗೆ ತೋರಿಸಿದೆ. ಅವರು ಓದಿ, ಮಡಚಿ, ಮೇಜಿನ ಮೇಲಿಟ್ಟರು. "ನಾಳೆ ಮೇಸ್ತ್ರಿಗೆ ಫೋನ್ ಮಾಡುತ್ತೇನೆ" ಎಂದರು. ಮಾಡಿದರು. ಈ ಮಳೆಯಲ್ಲಿ ಆಗುವುದಿಲ್ಲ ಎಂದು ಮೇಸ್ತ್ರಿ ಹೇಳಿದ.

ಆರನೇ ದಿನ ನಸುಕಿಗೆ, ಸುಬ್ಹಿ ಬಾಂಗಿಗೆ ಮೊದಲು, ದೊಡ್ಡದೊಂದು ಸದ್ದಾಯಿತು. ಕಲ್ಲು ಇಳಿಸಿದ ಹಾಗೆ. ಉಪ್ಪ ಟಾರ್ಚ್ ಹಿಡಿದು ಹೊರಗೆ ಓಡಿದರು. ಮೂಲೆಯ ಗೋಡೆ ಹನ್ನೆರಡು ಅಡಿಯಷ್ಟು ಕುಸಿದು ಬಿದ್ದಿತ್ತು. ಆ ದಾರಿಯಾಗಿ ಗದ್ದೆಯ ನೀರು ನಮ್ಮ ಅಂಗಳಕ್ಕೆ ನುಗ್ಗಿ, ಉಮ್ಮ ನೆಟ್ಟ ಬಸಳೆ ಚಪ್ಪರವನ್ನು ಎಳೆದುಕೊಂಡು, ಹಿಂದಿನ ಇಳಿಜಾರಿನಲ್ಲಿ ತೋಡಿಗೆ ಹೋಗುತ್ತಿತ್ತು. ಮೊದಲು ಹೋಗುತ್ತಿದ್ದ ಅದೇ ದಾರಿ. ಬೆಳಗಾಗುವಾಗ ನೀರು ಇಳಿದಿತ್ತು. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಗದ್ದೆಯ ಮೂಲೆಯಲ್ಲಿ ಹಸುರಿದ್ದ ಜಾಗದಲ್ಲಿ ಕಂದು ಬಣ್ಣದ ಲೋಳೆಯ ಹಾಗೆ ಏನೋ ಹಾಸಿಕೊಂಡಿತ್ತು. ಅಜ್ಜಿ ಬಂದು ಬಗ್ಗಿ ಒಂದು ಹಿಡಿ ಎತ್ತಿದರು. ಬೇರು ಕೈಗೆ ಬಂತು, ಎಲೆ ಬರಲಿಲ್ಲ. ಅವರು ಅದನ್ನು ಮೂಸಿ ನೋಡಿ ಬಿಸಾಡಿದರು.

ಉಪ್ಪ ಮುರಿದ ಗೋಡೆಯ ಈ ಕಡೆ ನಿಂತಿದ್ದರು. ಹದಿನೆಂಟು ವರ್ಷದಲ್ಲಿ ರಜೆಗೆ ಬಂದಾಗೆಲ್ಲ ನಮ್ಮ ಮುಂದೆ ಯಾವಾಗಲೂ ಗಟ್ಟಿಯಾಗಿ ನಿಂತಿದ್ದ ಮನುಷ್ಯ. "ಅಕ್ಕ, ತಪ್ಪಾಯಿತು" ಎಂದರು. ಅಜ್ಜಿ ಪರವಾಗಿಲ್ಲ ಎನ್ನಲಿಲ್ಲ. ಕಥೆಗಳಲ್ಲಿ ಹಾಗೆ ಹೇಳುತ್ತಾರೆ. ಅವರು "ಕಲ್ಲು ಗದ್ದೆಗೆ ಬಿದ್ದಿದೆ, ತೆಗೆಸಿ, ಟಿಲ್ಲರಿಗೆ ತಾಗುತ್ತದೆ" ಎಂದು ಹೇಳಿ ಹೊರಟು ಹೋದರು.

ಕಲ್ಲು ತೆಗೆದದ್ದು ನಾವೇ. ಉಪ್ಪ, ನಾನು, ತಮ್ಮ, ಕ್ರಿಕೆಟ್ ಆಡುವ ಇಬ್ಬರು ಹುಡುಗರು. ಕಾಲಿಗೆ ಗಾಯವಿದ್ದರೆ ಇಳಿಯಬೇಡಿ, ಇಲಿಜ್ವರ ಬರುತ್ತದೆ ಎಂದು ಉಮ್ಮ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಂಡು ಎಲ್ಲರ ಪಾದ ಪರೀಕ್ಷೆ ಮಾಡಿದರು. ಒಂದು ವಾರದೊಳಗೆ ಮೇಸ್ತ್ರಿಯೂ ಬಂದ. ಬಿದ್ದ ಜಾಗದಲ್ಲಿ ಅಡಿಗೆ ಎರಡು ಅಡಿ ಅಗಲದ ಸಿಮೆಂಟ್ ಮೋರಿ ಕೂರಿಸಿ, ನಮ್ಮ ಅಂಗಳದ ಅಂಚಿನಲ್ಲಿ ತೋಡಿನವರೆಗೆ ಕಣಿ ತೆಗೆಸಿದೆವು. ದುಡ್ಡಿಗೆ ಉಮ್ಮನ ಒಂದು ಬಳೆ ಸಹಕಾರಿ ಬ್ಯಾಂಕಿಗೆ ಹೋಯಿತು. ಅದು ಇನ್ನೂ ಅಲ್ಲೇ ಇದೆ.

ನೇಜಿ ಎಲ್ಲಿಂದ ಬಂತು ಎನ್ನುವುದೇ ನನಗೆ ಆಶ್ಚರ್ಯ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಅಜ್ಜಿ ಯಾರಿಗೋ ಹೇಳಿದರು, ಅವರು ಇನ್ಯಾರಿಗೋ ಹೇಳಿದರು. ತೋಡಿನ ಆಚೆಯ ಒಬ್ಬರ ಗದ್ದೆಯಲ್ಲಿ ನೆಟ್ಟು ಉಳಿದದ್ದು ಒಂದಿಷ್ಟು, ಅಜ್ಜಿಯ ತವರಿನ ಕಡೆಯಿಂದ ರಿಕ್ಷಾದಲ್ಲಿ ಒಂದಿಷ್ಟು. ಉಪ್ಪನೂ ಪರಿಚಯದ ಬ್ಯಾರಿಯೊಬ್ಬರ ಮನೆಯಿಂದ ಬೈಕಿನ ಹಿಂದೆ ನಾಲ್ಕು ಸೂಡಿ ಕಟ್ಟಿಕೊಂಡು ಬಂದರು. ಯಾವುದು ಎಂಒ-4, ಯಾವುದು ಬೇರೆ ಎಂದು ಯಾರೂ ಕೇಳಲಿಲ್ಲ.

ನೆಡುವ ದಿನ ಭಾನುವಾರ ಬಂತು. ನಾನೂ ಇಳಿಯುತ್ತೇನೆ ಎಂದೆ. ಉಮ್ಮ ಬೇಡ ಎಂದರು, ಆಮೇಲೆ ಹಳೆಯ ಚೂಡಿದಾರ ತೆಗೆದು ಕೊಟ್ಟರು. ನೆಡಲು ಬಂದದ್ದು ಒಟ್ಟು ಆರು ಹೆಂಗಸರು, ಅವರಲ್ಲಿ ಐವತ್ತಕ್ಕಿಂತ ಕೆಳಗಿನವರು ಒಬ್ಬರೇ. ಈಗ ಜನ ಸಿಗುವುದಿಲ್ಲ, ಚಾಪೆ ನೇಜಿ ಮಾಡಿ ಯಂತ್ರದಲ್ಲಿ ನೆಡಿಸುವವರೇ ಹೆಚ್ಚು ಎಂದು ಅವರೇ ಹೇಳಿದರು. ಮೊದಲಾಗಿದ್ದರೆ ಓಬೇಲೆ ಹಾಡಿಕೊಂಡು ನೆಡುತ್ತಿದ್ದರಂತೆ. ಹಾಡಿ ಎಂದೆ. ಸೊಂಟ ನೋಯುವಾಗ ಹಾಡು ಎಲ್ಲಿಂದ ಎಂದು ನಕ್ಕರು.

ಕೆಸರಿಗೆ ಕಾಲಿಟ್ಟಾಗ ಮೊದಲು ತಣ್ಣಗೆ, ಆಮೇಲೆ ಕೆಳಗೆ ಬೆಚ್ಚಗೆ. ಎರಡೋ ಮೂರೋ ನೇಜಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಹಿಡಿದು, ಕೆಸರಿಗೆ ಒತ್ತಿ, ಬೆರಳನ್ನು ಮೆಲ್ಲ ಎಳೆದುಕೊಳ್ಳಬೇಕು. ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಆಳ ಹೋದರೆ ತೆಂಡೆ ಒಡೆಯುವುದಿಲ್ಲ, ಮೇಲಾದರೆ ತೇಲುತ್ತದೆ. ನಾನು ನೆಟ್ಟದ್ದರಲ್ಲಿ ಅರ್ಧ ತೇಲಿತು. ಅಜ್ಜಿ ನನ್ನ ಹಿಂದೆಯೇ ಬಂದು ಏನೂ ಹೇಳದೆ ಪುನಃ ನೆಡುತ್ತಿದ್ದರು. ಅವರು ನನಗೆ ಸಹಾಯ ಮಾಡಿದ್ದೋ, ನಾನು ಅವರ ಕೆಲಸ ಇಮ್ಮಡಿ ಮಾಡಿದ್ದೋ ಎಂದು ಕೇಳಿದರೆ ಎರಡನೆಯದೇ ಸರಿ. ಹತ್ತು ಗಂಟೆಗೆ ಹುಣಿಯ ಮೇಲೆ ಕೂತು ಎಲ್ಲರೂ ಚಹಾ ಕುಡಿದೆವು. ಉಮ್ಮ ಅಕ್ಕಿ ರೊಟ್ಟಿ ಮಾಡಿ ಕಳಿಸಿದ್ದರು. ಮರುದಿನ ಕಾಲೇಜಿನ ಮೆಟ್ಟಿಲು ಹತ್ತಲು ನಾನು ಗೋಡೆ ಹಿಡಿದುಕೊಂಡದ್ದನ್ನು ಗೆಳತಿಯರು ಈಗಲೂ ಅಭಿನಯ ಮಾಡಿ ತೋರಿಸುತ್ತಾರೆ.

ಹುಣಿಯ ಮೇಲೆ ಕೂತಾಗ ಅಜ್ಜಿ ಹೇಳಿದ ಮಾತುಗಳಿಂದ ನನಗೆ ಊರು ಪರಿಚಯವಾಯಿತು. ಗದ್ದೆ ಅಂದರೆ ಎಲ್ಲ ಒಂದೇ ಅಲ್ಲ. ಮೇಲಿನದು ಬೆಟ್ಟು, ನಡುವಿನದು ಮಜಲು, ಎಲ್ಲಕ್ಕಿಂತ ಕೆಳಗಿನದು ಬೈಲು. ಬೆಟ್ಟುವಿನಲ್ಲಿ ಮಳೆಗಾಲದ ಏಣೇಲು ಬೆಳೆ ಮಾತ್ರ, ಮಜಲಿನಲ್ಲಿ ಸುಗ್ಗಿಯೂ ಆಗುತ್ತದೆ, ಬೈಲಿನಲ್ಲಿ ಬೇಸಿಗೆಯ ಕೊಳಕೆಯೂ ಆಗುತ್ತಿತ್ತು. ನಮ್ಮ ಮನೆ ನಿಂತದ್ದು ಬೈಲಿನಲ್ಲಿ. ಮೂರು ಬೆಳೆ ತೆಗೆಯುತ್ತಿದ್ದ ಜಾಗ. ಅಜ್ಜಿಯ ಗಂಡನ ಮನೆಯವರು ಇಲ್ಲಿ ಗೇಣಿಗೆ ಮಾಡುತ್ತಿದ್ದರು. ಮುಡಿ ಅಕ್ಕಿಯ ಲೆಕ್ಕದಲ್ಲಿ ಗೇಣಿ, ಒಂದು ಮುಡಿಗೆ 42 ಸೇರು. ಬೆಳೆದದ್ದು ಧಣಿಗಳ ಮನೆಗೆ ಹೋಗಿ, ಉಳಿದದ್ದರಲ್ಲಿ ಗಂಜಿ. 1974ರ ಭೂಸುಧಾರಣೆಯ ಮೇಲೆ ಡಿಕ್ಲರೇಷನ್ ಕೊಟ್ಟು ಗದ್ದೆ ತಮ್ಮದಾಯಿತು. ಆಗ ಅಜ್ಜಿ ಮದುವೆಯಾಗಿ ಬಂದ ಹೊಸತು. "ಆ ವರ್ಷದ ಅಕ್ಕಿ ಮನೆಯಲ್ಲೇ ಉಳಿಯಿತು, ಇಡಲು ಜಾಗವೇ ಇರಲಿಲ್ಲ" ಎಂದರು. ಆಮೇಲೆ ಪಾಲಾಯಿತು. ಮೈದುನನ ಮಕ್ಕಳಿಗೆ ಬಂದ ಕೆಳಗಿನ ಗದ್ದೆಯನ್ನು ಅವರು ಮಾರಿದರು. ಒಬ್ಬ ಮಗಳ ಮದುವೆ, ಒಬ್ಬ ಮಗನ ನರ್ಸಿಂಗ್ ಫೀಸು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಗದ್ದೆ ಮಾಡಿದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ಅಜ್ಜಿಯೇ ಹೇಳುತ್ತಾರೆ. ಪಕ್ಕದ ಕೇರಳದಲ್ಲಿ ಗದ್ದೆ ತುಂಬಿಸುವುದನ್ನು ತಡೆಯಲು 2008ರಲ್ಲೇ ಕಾನೂನು ಬಂದಿದೆ. ಅದನ್ನು ಹೇಳಿದಾಗ ಅಜ್ಜಿ, "ಕಾನೂನು ಬಂದು ನೆಡುತ್ತದಾ?" ಎಂದು ಕೇಳಿದರು.

ಆಮೇಲಿನ ತಿಂಗಳುಗಳು ಬೇಗ ಹೋದವು. ಆಗಸ್ಟಿನಲ್ಲಿ ಗದ್ದೆ ಸೊಂಟದೆತ್ತರ. ಬೆಳ್ಳಕ್ಕಿಗಳು, ಗೋಡೆಯ ಮೇಲೆ ಕೂರುವ ಒಂದು ಮಿಂಚುಳ್ಳಿ, ಸಂಜೆ ನವಿಲುಗಳು. ನವಿಲು ಬಂದರೆ ನಾನು ಫೋನ್ ತೆಗೆಯುತ್ತಿದ್ದೆ, ಅಜ್ಜಿ ಕಲ್ಲು ತೆಗೆಯುತ್ತಿದ್ದರು. ಉಮ್ಮನಿಗೆ ಕೇರೆ ಹಾವು ಮತ್ತು ನಾಗರ ಹಾವಿನ ವ್ಯತ್ಯಾಸ ಗೊತ್ತಾಯಿತು. ಕೇರೆ ಇಲಿ ತಿನ್ನುತ್ತದೆ ಎಂದು ಅದನ್ನು ಈಗ ಓಡಿಸುವುದಿಲ್ಲ, ಆದರೆ ಬಾಗಿಲ ಸಂದಿಯ ಬಟ್ಟೆ ಇನ್ನೂ ಇದೆ.

ಸೆಪ್ಟೆಂಬರಿನ ಒಂದು ರಜಾದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಜ್ಜಿ ನನ್ನನ್ನು ಕೂಗಿ ಕರೆದು ತೆನೆ ತೋರಿಸಿದರು. ಭತ್ತ ಹೂ ಬಿಟ್ಟಿತ್ತು. ಹೊಟ್ಟು ಎರಡಾಗಿ ಬಿರಿದು, ಅದರ ಸಂದಿಯಿಂದ ನೂಲಿನಷ್ಟು ಸಣ್ಣ ಬಿಳಿ ಕೇಸರಗಳು ಜೋತಾಡುತ್ತಿದ್ದವು. ಪುಸ್ತಕದಲ್ಲಿ ಹುಲ್ಲಿನ ಹೂವಿನ ಚಿತ್ರ ನೂರು ಸಲ ಬಿಡಿಸಿದ್ದೆ, ಅದು ಇದು ಎಂದು ಗೊತ್ತಿರಲಿಲ್ಲ. ಗಂಟೆ ಒಂದೂವರೆ ಆಗುವಾಗ ಹೊಟ್ಟು ಪುನಃ ಮುಚ್ಚಿತ್ತು. ನಾವು ತಿನ್ನುವ ಒಂದೊಂದು ಕಾಳಿಗೂ ಹೂವಾಗಿ ತೆರೆದಿರಲು ಸಿಗುವುದು ಅಷ್ಟೇ ಹೊತ್ತು.

ಅಕ್ಟೋಬರ್ ಕೊನೆಗೆ ಕಟಾವು ಯಂತ್ರ ಬಂದು ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಸಿ ಹೋಯಿತು. ದನಕ್ಕೆ ಬೈಹುಲ್ಲು ಬೇಕೆಂದು ಅಜ್ಜಿ ಒಂದು ಪಟ್ಟಿಯನ್ನು ಮಾತ್ರ ಕತ್ತಿಯಲ್ಲಿ ಕೊಯ್ದರು. ತಡವಾಗಿ ನೆಟ್ಟದ್ದಕ್ಕೆ, ಮೂರು ಕಡೆಯ ನೇಜಿ ಸೇರಿದ್ದಕ್ಕೆ, ಬೆಳೆ ಒಂದೇ ಸಮ ಹಣ್ಣಾಗಿರಲಿಲ್ಲ. ನಮ್ಮ ಗೋಡೆಯ ಬದಿಯಲ್ಲಿ, ಕೆಂಪು ಮಣ್ಣು ಕೊಚ್ಚಿ ಬಿದ್ದ ಕಡೆ, ತೆನೆ ಬಂದದ್ದೇ ಕಡಿಮೆ. ಹಿಂದಿನ ವರ್ಷಕ್ಕಿಂತ ಎಷ್ಟು ಕಮ್ಮಿ ಎಂದು ಉಪ್ಪ ಕೇಳಿದರು. ಅಜ್ಜಿ ಚೀಲ ಎಣಿಸಿ, "ನಾಲ್ಕು" ಎಂದರು. ಅಷ್ಟಕ್ಕೆ ದುಡ್ಡು ಕೊಡುತ್ತೇನೆ ಎಂದು ಉಪ್ಪ ಹೇಳಿದಾಗ ಅವರು ಬೇಡ ಎನ್ನಲಿಲ್ಲ. ಎರಡು ಕಂತಿನಲ್ಲಿ ತೆಗೆದುಕೊಂಡರು. ನನಗೆ ಅದು ಬಹಳ ಇಷ್ಟವಾಯಿತು. ಅದಾದ ಮೇಲೆ ಒಂದು ದಿನ ಭತ್ತ ಬೇಯಿಸಿ ಒಣಗಿಸಿ ಮಿಲ್ಲಿಗೆ ಹಾಕಿಸಿದ ಹೊಸ ಕುಚ್ಚಲಕ್ಕಿ ಐದು ಸೇರು ತಂದು, ಈ ಸಲ ಸಿಟೌಟಿನ ಮೇಲೆ ಬಂದು ಕೂತು ಉಮ್ಮನ ಕೈಗೆ ಕೊಟ್ಟರು. ಹೊಸ ಅಕ್ಕಿಯ ಗಂಜಿ ಸ್ವಲ್ಪ ಲೋಳೆಯಾಗುತ್ತದೆ, ನೀರು ಕಮ್ಮಿ ಇಡಿ ಎಂದೂ ಹೇಳಿದರು.

ಈ ವರ್ಷದ ಮಳೆಗಾಲ ಮೋರಿಯಿಂದಾಗಿ ತೊಂದರೆಯಿಲ್ಲದೆ ಕಳೆಯಿತು. ಜೋರು ಮಳೆಯ ರಾತ್ರಿಗಳಲ್ಲಿ ಉಪ್ಪ ಎದ್ದು ಟಾರ್ಚ್ ಹಾಕಿ ಮೋರಿಯ ಬಾಯಿಗೆ ಕಸ ಸಿಕ್ಕಿದೆಯಾ ಎಂದು ನೋಡಿ ಬಂದು ಮಲಗುತ್ತಾರೆ.

ಹೋದ ತಿಂಗಳು ಒಂದು ಭಾನುವಾರ, ಅಜ್ಜಿಯ ಗದ್ದೆಯ ಮೇಲಿನ ಗದ್ದೆಯ ಹತ್ತಿರ ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ಸಣ್ಣ ಮಗು, ಜೊತೆಗೆ ನಮಗೆ ಜಾಗ ತೋರಿಸಿದ ಅದೇ ಬ್ರೋಕರ್. ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಬ್ರೋಕರ್ ಫೋನಿನಲ್ಲಿ ಮಾತಾಡುತ್ತಾ ದೂರ ಹೋದಾಗ ಆ ಹೆಂಗಸು ನಮ್ಮ ಗೋಡೆಯ ಹತ್ತಿರ ಬಂದು ತಲೆ ಎತ್ತಿ ನನ್ನನ್ನು ಕೇಳಿದರು.

"ಇಲ್ಲಿ ಮಳೆಗಾಲದಲ್ಲಿ ನೀರು ಬರುತ್ತದಾ ಮಗಾ?"

ಉಪ್ಪ ಕೆಳಗೆ ಸಿಟೌಟಿನಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಮಡಚುವ ಸದ್ದು ಕೇಳಿಸಿತು. ನಮ್ಮ ಬದಿಯಲ್ಲಿ ನಾಲ್ಕು ಮನೆ ಎದ್ದರೆ ರಸ್ತೆ ಅಗಲವಾಗುತ್ತದೆ, ನಮ್ಮ ಜಾಗಕ್ಕೂ ಬೆಲೆ ಬರುತ್ತದೆ ಎಂದು ಉಪ್ಪನ ಗೆಳೆಯರು ಹೇಳುತ್ತಿದ್ದದ್ದು ನನಗೂ ಗೊತ್ತು. ಬ್ಯಾಂಕಿನಲ್ಲಿರುವ ಬಳೆಯೂ ಗೊತ್ತು.

"ಬರುತ್ತದೆ" ಎಂದೆ. "ಆ ಮೇಲಿನ ಗದ್ದೆಯಿಂದ ನೀವು ನಿಂತಲ್ಲಿಗೆ, ಅಲ್ಲಿಂದ ಅಜ್ಜಿಯ ಗದ್ದೆಗೆ, ಅಲ್ಲಿಂದ ನಮ್ಮ ಅಂಗಳದ ಮೋರಿಗೆ, ಅಲ್ಲಿಂದ ತೋಡಿಗೆ. ನಿಲ್ಲಿಸಲು ಆಗುವುದಿಲ್ಲ. ಗೋಡೆ ಕಟ್ಟಿದರೆ ಬೀಳುತ್ತದೆ, ನಮ್ಮದು ಬಿದ್ದಿದೆ."

ಅವರು ಗಂಡನನ್ನು ಕರೆದರು. ಆಗ ಉಪ್ಪ ಅಂಗಳಕ್ಕೆ ಇಳಿದು ಬಂದರು. ನನಗೆ ಬೈಯುತ್ತಾರೆ ಅಂದುಕೊಂಡೆ. ಅವರು ಗೇಟು ತೆಗೆದು, ಆ ಇಬ್ಬರನ್ನೂ ಮೂಲೆಗೆ ಕರೆದುಕೊಂಡು ಹೋಗಿ, ಮೋರಿಯ ಬಾಯಿ ತೋರಿಸಿ, ಗೋಡೆಯಲ್ಲಿ ಹೊಸ ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಎಂದು ಕೈಯಳತೆಯಲ್ಲಿ ಹೇಳತೊಡಗಿದರು. ಬ್ರೋಕರ್ ಫೋನ್ ಇಟ್ಟು ಬರುವಷ್ಟರಲ್ಲಿ ಮಗು ಹುಣಿಯಿಂದ ಜಾರಿ ಗದ್ದೆಗೆ ಇಳಿದಾಗಿತ್ತು. ಮೊಣಕಾಲಿನವರೆಗೆ ಕೆಸರು. ಹೊರಗೆ ಬಾ ಎಂದು ತಾಯಿ ಎಷ್ಟು ಕರೆದರೂ ಅದು ಬರುತ್ತಿರಲಿಲ್ಲ.